ಆಸ್ಪತ್ರೆಯಲ್ಲಿ ಹಿರಿಯರ ನಿದ್ರೆ

ಹಗಲೆಲ್ಲ ಸರಿಯಾಗಿಯೇ ಮಾತನಾಡುತ್ತಿದ್ದ ವೃದ್ಧರೊಬ್ಬರು, ಆಸ್ಪತ್ರೆ ಸೇರಿದ ಎರಡನೆಯ ಅಥವಾ ಮೂರನೆಯ ರಾತ್ರಿ, “ಇದು ಯಾರ ಮನೆ? ನನ್ನನ್ನೇಕೆ ಇಲ್ಲಿ ಕೂಡಿಹಾಕಿದ್ದೀರಿ?” ಎಂದು ಮಂಚದಿಂದ ಇಳಿಯಹೊರಡುವುದುಂಟು. ಮಗನ ಗುರುತೂ ಹತ್ತುವುದಿಲ್ಲ. ಮನೆಯವರು ಅರಳುಮರಳೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಅರಳುಮರಳು ವರ್ಷಗಳಲ್ಲಿ ಬೆಳೆಯುವಂಥದು. ಇದು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಬರುವಂಥದು. ಹಿಂದಿನವರು ಇದನ್ನು ಸನ್ನಿ ಎನ್ನುತ್ತಿದ್ದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಎಲ್ಲರೂ ಕೂಗಾಡುತ್ತಾರೆಂದೇನೂ ಇಲ್ಲ. ಕೆಲವರು ಮಂಕಾಗಿ, ತೂಕಡಿಸುತ್ತ ಮಲಗಿರುತ್ತಾರೆ. ವಿಶ್ರಾಂತಿ ಪಡೆಯುತ್ತಿದ್ದಾರೆಂದು ನಾವು ಮೋಸಹೋಗುತ್ತೇವೆ.

ಇದನ್ನು ಹಗುರವಾಗಿ ಎಣಿಸಬಾರದು. ಡೆಲಿರಿಯಂ ಬಂದವರು ಬೀಳುವ ಸಂಭವ ಹೆಚ್ಚು, ಆಸ್ಪತ್ರೆಯ ವಾಸ ದೀರ್ಘವಾಗುತ್ತದೆ, ಪ್ರಾಣಾಪಾಯವೂ ಹೆಚ್ಚುತ್ತದೆ. ಕಾರಣಗಳು ಹಲವು: ಸೋಂಕು, ದೇಹದಲ್ಲಿ ನೀರಿನ ಕೊರತೆ, ನೋವು, ಶಸ್ತ್ರಚಿಕಿತ್ಸೆ, ಕೆಲವು ಔಷಧಿಗಳು. ಇವುಗಳೊಡನೆ ನಿದ್ರೆಗೇಡೂ ಸೇರಿದರೆ ಮೊದಲೇ ದಣಿದ ಮೆದುಳು ಸೋಲುತ್ತದೆ.

ವಾರ್ಡಿನಲ್ಲಿ ನಿದ್ರೆಗೆ ಶತ್ರುಗಳು ಕಡಮೆಯೇ? ರಾತ್ರಿಯಿಡೀ ಉರಿಯುವ ದೀಪ, ಯಂತ್ರಗಳ ಸದ್ದು, ಪಕ್ಕದ ಮಂಚದವರ ಮಾತು, ನಡುರಾತ್ರಿಯ ರಕ್ತದೊತ್ತಡ ಪರೀಕ್ಷೆ! ರಾತ್ರಿ ವಾರ್ಡಿನ ಶಬ್ದ ೩೦ ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ೧೯೯೯ರಲ್ಲಿ ಸೂಚಿಸಿತು. ಅದು ಪಿಸುಮಾತಿನಷ್ಟು ಸದ್ದು.

ಅದೇ ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾ. ಶರಾನ್ ಇನೌಯೆ ಮತ್ತು ಸಂಗಡಿಗರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ೭೦ ವರ್ಷ ಮತ್ತು ಮೇಲ್ಪಟ್ಟ ೮೫೨ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಎಂದಿನ ಆರೈಕೆ. ಉಳಿದವರಿಗೆ ವಿಶೇಷ ಆರೈಕೆ. ಮಲಗುವಾಗ ಬೆಚ್ಚನೆಯ ಪಾನೀಯ, ಬೆನ್ನು ನೀವುವುದು, ಮೆಲುವಾದ ಸಂಗೀತ, ಸದ್ದಿಲ್ಲದ ರಾತ್ರಿ — ಇವು ನಿದ್ರೆಗಾಗಿ. ಜೊತೆಗೆ ನಡೆದಾಡಿಸುವುದು, ನೀರು ಕುಡಿಸುವುದು, ಕಣ್ಣು ಕಿವಿಗಳಿಗೆ ನೆರವು, ದಿನ ಸ್ಥಳಗಳ ನೆನಪು ಕೊಡುವುದು. ಎಂದಿನ ಆರೈಕೆಯವರಲ್ಲಿ ನೂರಕ್ಕೆ ೧೫ ಮಂದಿಗೆ ಡೆಲಿರಿಯಂ ಬಂದರೆ, ಇವರಲ್ಲಿ ಸುಮಾರು ೧೦ ಮಂದಿಗೆ ಬಂದಿತು. ಈ ಗೆಲುವು ನಿದ್ರೆಯೊಂದರದೇ ಅಲ್ಲ, ಎಲ್ಲವೂ ಕೂಡಿದ್ದರದು.

ನಮ್ಮಲ್ಲಿ ರೋಗಿಯ ಬಳಿ ಮನೆಯವರೊಬ್ಬರು ಉಳಿಯುವ ರೂಢಿಯಿದೆ. ಅವರು ಮಾಡಬಹುದಾದುದು ಬಹಳ. ಹಗಲು ಬೆಳಕಿನಲ್ಲಿ ಕೂರಿಸಿ, ವೈದ್ಯರ ಒಪ್ಪಿಗೆಯಿದ್ದರೆ ನಾಲ್ಕು ಹೆಜ್ಜೆ ನಡೆಸಿ, ಮಾತನಾಡಿಸಿ. ಕನ್ನಡಕ, ಕಿವಿಯಂತ್ರಗಳನ್ನು ಮರೆಯದೆ ತನ್ನಿ. ರಾತ್ರಿ ದೀಪ ತಗ್ಗಿಸಿ. ಫೋನಿನ ಸದ್ದು ಅಡಗಿಸಿ. ಪಥ್ಯಕ್ಕೆ ಅಡ್ಡಿಯಿಲ್ಲದಿದ್ದರೆ ಬಿಸಿ ಹಾಲು ಕೊಡಿ. ಔಷಧಿ, ಪರೀಕ್ಷೆಗಳನ್ನು ಒಟ್ಟಿಗೆ ಮುಗಿಸಲಾದೀತೇ ಎಂದು ದಾದಿಯರನ್ನು ವಿನಯದಿಂದ ಕೇಳಿ.

ನಿದ್ರೆಗುಳಿಗೆಯನ್ನು ಮಾತ್ರ ನೀವಾಗಿ ಕೊಡಬೇಡಿ. ಅನೇಕ ನಿದ್ರೆಗುಳಿಗೆಗಳು ವೃದ್ಧರಲ್ಲಿ ಡೆಲಿರಿಯಂ ಅನ್ನೇ ತರಬಲ್ಲವು. ಬಹುಕಾಲದಿಂದ ಸೇವಿಸುತ್ತಿದ್ದರೆ ಥಟ್ಟನೆ ನಿಲ್ಲಿಸುವುದೂ ಅಪಾಯ; ವೈದ್ಯರಿಗೆ ತಿಳಿಸಿ. ಇಷ್ಟಾದರೂ ಹಿರಿಯರ ಮಾತು ಒಮ್ಮೆಗೇ ಅಸಂಬದ್ಧವಾದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಿರಿ. “ಇವರು ನಿನ್ನೆ ಹೀಗಿರಲಿಲ್ಲ” ಎಂಬುದನ್ನು ಮನೆಯವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು.