ಅಳಿಸಿದ್ದು ಎಲ್ಲಿಗೆ ಹೋಗುತ್ತದೆ?

2018ರ ಮೇ ತಿಂಗಳಲ್ಲಿ ಇಂಗ್ಲಿಷ್ ವಿಕಿಪೀಡಿಯಾದ ಸ್ವಯಂಸೇವಕರೊಬ್ಬರ ಮುಂದೆ ಒಂದು ಕರಡು ಲೇಖನ ಬಂತು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಲೇಸರ್ ವಿಜ್ಞಾನಿ ಡೋನಾ ಸ್ಟ್ರಿಕ್‌ಲೆಂಡ್ ಕುರಿತದ್ದು. ಪ್ರತ್ಯೇಕ ಪುಟಕ್ಕೆ ಈ ಆಧಾರಗಳು ಸಾಲವು ಎಂದು ಷರಾ ಬರೆದು ಅವರು ಅದನ್ನು ತಿರಸ್ಕರಿಸಿದರು. ಅದೇ ವರ್ಷ ಅಕ್ಟೋಬರ್ 2ರಂದು ಸ್ಟ್ರಿಕ್‌ಲೆಂಡ್ ಅವರಿಗೆ ಭೌತವಿಜ್ಞಾನದ ನೊಬೆಲ್ ಘೋಷಣೆಯಾಯಿತು. ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್ ನಂತರ ಭೌತವಿಜ್ಞಾನದಲ್ಲಿ ಈ ಗೌರವ ಪಡೆದ ಮೂರನೆಯ ಮಹಿಳೆ ಅವರು. ಲೇಸರ್ ಮಿಡಿತವನ್ನು ಹಿಗ್ಗಿಸಿ, ವರ್ಧಿಸಿ, ಮತ್ತೆ ಕುಗ್ಗಿಸುವ ಅವರ ವಿಧಾನ 1985ರಷ್ಟು ಹಳೆಯದು.

ಆ ತಿರಸ್ಕಾರ ತಪ್ಪೇ. ಅಮೆರಿಕದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯಾಗಿದ್ದವರಿಗೆ ಒಂದು ಪುಟ ಸಲ್ಲದೆ? ಆದರೆ ಆ ತಪ್ಪು ನಮಗೆ ತಿಳಿದದ್ದು ಹೇಗೆಂಬುದನ್ನೂ ನೋಡಬೇಕು. ಕರಡು, ತಾರೀಖು, ಷರಾ ಎಲ್ಲವೂ ಯಾರು ಬೇಕಾದರೂ ಓದುವಂತೆ ಪುಟದ ಇತಿಹಾಸದಲ್ಲಿ ಉಳಿದಿದ್ದವು. ಅದಕ್ಕೂ ಮೊದಲು, 2014ರಲ್ಲಿ, ಅವರ ಬಗ್ಗೆ ಬಂದಿದ್ದ ಇನ್ನೊಂದು ಪುಟವನ್ನು ಕೃತಿಸ್ವಾಮ್ಯದ ಕಾರಣಕ್ಕೆ ಅಳಿಸಲಾಗಿತ್ತು. ಅದರಲ್ಲಿ ಏನಿತ್ತೆಂದು ಸಾಮಾನ್ಯ ಓದುಗರು ನೋಡಲಾರರು.

ತೆಗೆದದ್ದನ್ನೂ ಕಾರಣಸಮೇತ ಇಟ್ಟುಕೊಳ್ಳುವ ಪದ್ಧತಿ ಅಂತರ್ಜಾಲದ ಜತೆಗೇ ಹುಟ್ಟಿದ್ದಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್, ಯೂಸ್‌ನೆಟ್ ಎಂಬ ಚರ್ಚಾಜಾಲದ ರೂಪರೇಷೆ ಹಾಕಿದರು. ಡಿಸ್ಕ್ ದುಬಾರಿಯಾಗಿದ್ದ ಕಾಲ. ಹೊಸ ಸಂದೇಶಗಳಿಗೆ ಜಾಗ ಬೇಕಾದಾಗ ಹಳೆಯವು ತಾವಾಗಿ ಅಳಿಯುತ್ತಿದ್ದವು. ಉತ್ತರ ಅಳಿದ ಮೇಲೆ ಅದೇ ಪ್ರಶ್ನೆ ಮತ್ತೆ ಬರುತ್ತಿತ್ತು, ಬಲ್ಲವರು ಮತ್ತೆ ಬರೆದು ಬೇಸರಗೊಳ್ಳುತ್ತಿದ್ದರು. ಪದೇ ಪದೇ ಕೇಳುವ ಪ್ರಶ್ನೆಗಳನ್ನು ಉತ್ತರಸಹಿತ ಒಂದೆಡೆ ಸೇರಿಸಿ ಆಗಾಗ ಪ್ರಕಟಿಸುವ ರೂಢಿ ಬೆಳೆದದ್ದು ಇಂಥ ಬೇಸರದಿಂದಲೇ. ಇಂದು ಪ್ರತಿ ಬ್ಯಾಂಕಿನ ಜಾಲತಾಣದಲ್ಲೂ ಕಾಣುವ ‘ಎಫ್‌ಎಕ್ಯೂ’ ಅದರದೇ ಸಂತತಿ.

ಮುಂದೆ ಕೆಲವು ಗುಂಪುಗಳಿಗೆ ನಿಯಂತ್ರಕರು ಬಂದರು. ಸಂದೇಶ ಮೊದಲು ಅವರ ಇಮೇಲ್‌ಗೆ ಹೋಗಬೇಕು, ಒಪ್ಪಿದರೆ ಪ್ರಕಟ. ಒಪ್ಪದಿದ್ದರೆ ಅಂಥದೊಂದು ಸಂದೇಶ ಬಂದಿತ್ತೆಂಬುದೇ ಉಳಿದವರಿಗೆ ಗೊತ್ತಾಗುತ್ತಿರಲಿಲ್ಲ. ಗುಂಪು ಚೊಕ್ಕಟವಾಯಿತು, ನಿಜ. ಹೊರಗುಳಿದದ್ದರಲ್ಲಿ ಕಾಳೆಷ್ಟು, ಜೊಳ್ಳೆಷ್ಟು ಎಂದು ಅಳೆಯುವ ದಾರಿ ಮುಚ್ಚಿತು.

ಯೂಸ್‌ನೆಟ್‌ನ ಮೊದಲ ದಶಕ ಇಂದು ಓದಲು ಸಿಗುವುದಕ್ಕೆ ಮುಖ್ಯ ಕಾರಣ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಹೆನ್ರಿ ಸ್ಪೆನ್ಸರ್. 1981ರಿಂದ ಹತ್ತು ವರ್ಷ ಅವರು ಸಂದೇಶಗಳನ್ನು ಮ್ಯಾಗ್ನೆಟಿಕ್ ಟೇಪುಗಳಿಗೆ ತುಂಬಿಸಿಟ್ಟರು. ಒಟ್ಟು 141 ಟೇಪು, 20 ಲಕ್ಷಕ್ಕೂ ಹೆಚ್ಚು ಸಂದೇಶ. 2001ರಲ್ಲಿ ಅವು ಗೂಗಲ್ ಸಂಗ್ರಹಕ್ಕೆ ಸೇರಿದವು. ಒಂದು ವಿಭಾಗದಲ್ಲಿ ಒಬ್ಬರು ಆಸ್ಥೆ ವಹಿಸಿದ್ದಕ್ಕೆ ಒಂದು ತಲೆಮಾರಿನ ಮಾತುಕತೆ ಉಳಿಯಿತು!

ಅದೇ 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯಾ ಕೂಡ ಮೊದಲಿಗೆ ಮರೆಗುಳಿಯೇ. ಆಗ ಬಳಸುತ್ತಿದ್ದ ಯೂಸ್‌ಮಾಡ್‌ವಿಕಿ ತಂತ್ರಾಂಶ ಪುಟಗಳ ಹಳೆಯ ಪ್ರತಿಗಳನ್ನು ಕೆಲಕಾಲ ಇಟ್ಟುಕೊಂಡು ಬಿಸಾಡುತ್ತಿತ್ತು. ಮೊದಲ ತಿಂಗಳುಗಳ ತಿದ್ದುಪಡಿಗಳು ಕಳೆದೇಹೋದವೆಂದು ಎಲ್ಲರೂ ಕೈಬಿಟ್ಟಿದ್ದರು. 2010ರ ಡಿಸೆಂಬರಿನಲ್ಲಿ ತಂತ್ರಜ್ಞ ಟಿಮ್ ಸ್ಟಾರ್ಲಿಂಗ್ ಅವರಿಗೆ ಹಳೆಯ ಬ್ಯಾಕಪ್ ಕಡತವೊಂದರಲ್ಲಿ ಅವು ಸಿಕ್ಕವು. ಅಷ್ಟರಲ್ಲಿ ವಿಕಿಪೀಡಿಯಾ ದಾರಿ ಬದಲಿಸಿತ್ತು. 2002ರಲ್ಲಿ ಜರ್ಮನಿಯ ಮಾಗ್ನುಸ್ ಮಾನ್‌ಸ್ಕೆ ಬರೆದ ತಂತ್ರಾಂಶ, ಅದರ ನಂತರ ಬಂದ ಮೀಡಿಯಾವಿಕಿ ಇವುಗಳಲ್ಲಿ ಪ್ರತಿ ತಿದ್ದುಪಡಿಯೂ ಡೇಟಾಬೇಸಿನಲ್ಲಿ ನಿಲ್ಲತೊಡಗಿತು.

ಎಲ್ಲವನ್ನೂ ಎಲ್ಲರಿಗೂ ತೋರಿಸಲಾಗದು ಎಂಬ ಪಾಠ 2005ರಲ್ಲಿ ಬಂತು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಪುಟದಲ್ಲಿ, ಕೆನಡಿ ಸಹೋದರರ ಹತ್ಯೆಗಳಲ್ಲಿ ಅವರ ಕೈವಾಡವಿತ್ತೆಂಬ ಶಂಕೆಯಿತ್ತು ಎಂಬ ಹಸಿ ಸುಳ್ಳು ತಿಂಗಳುಗಟ್ಟಲೆ ಕೂತಿತ್ತು. ಆ ಪ್ರತಿಗಳನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಿದರು. ಅದು ಸರಿ. ಬದುಕಿರುವವರ ಮಾನದ ಪ್ರಶ್ನೆ ಬಂದಾಗ ಓದುಗನ ಕುತೂಹಲ ಹಿಂದೆ ಸರಿಯಲೇಬೇಕು. ಆದರೂ ಮುಚ್ಚುವುದು ಬೇರೆ, ನಾಶ ಮಾಡುವುದು ಬೇರೆ. ಮೀಡಿಯಾವಿಕಿಯಲ್ಲಿ ಅಳಿಸಿದ ಪುಟವನ್ನು ನಿರ್ವಾಹಕರು ತೆರೆದು ನೋಡಬಲ್ಲರು, ಮರಳಿಸಬಲ್ಲರು. ಅಳಿಸಿದವರು ಯಾರು, ಯಾವಾಗ ಎಂಬುದು ದಾಖಲೆ ಪಟ್ಟಿಗೆ ತಾನಾಗಿ ಸೇರುತ್ತದೆ. ಏಕೆ ಎಂಬುದನ್ನು ಮಾತ್ರ ಮನುಷ್ಯನೇ ಬರೆಯಬೇಕು.

2003ರಿಂದ ಇರುವ ಕನ್ನಡ ವಿಕಿಪೀಡಿಯಾದಲ್ಲಿ ಈ ‘ಏಕೆ’ ಇನ್ನೂ ತೂಕದ್ದು. ಯಕ್ಷಗಾನದ ಹಿಂದಿನ ತಲೆಮಾರಿನ ವೇಷಧಾರಿಯೊಬ್ಬರ ಬಗ್ಗೆ ಯಾರೋ ನಾಲ್ಕು ಸಾಲು ಬರೆಯುತ್ತಾರೆ ಎನ್ನಿ. ಅವರ ಆಟದ ಸುದ್ದಿ ಬಂದದ್ದು ಜಾಲಕ್ಕೇರದ ಹಳೆಯ ಪತ್ರಿಕೆಗಳಲ್ಲಿ, ಮೇಳದ ಕರಪತ್ರಗಳಲ್ಲಿ, ಸಂಘದ ಸ್ಮರಣ ಸಂಚಿಕೆಯಲ್ಲಿ. ಗೂಗಲಿಸಿ ಏನೂ ಸಿಗದ ನಿರ್ವಾಹಕರು ‘ಉಲ್ಲೇಖವಿಲ್ಲ’ ಎಂದು ಅಳಿಸಿದರೆ ನಿಯಮದ ಪ್ರಕಾರ ತಪ್ಪೆನ್ನಲಾಗದು. ಅದರ ಬದಲು ಪುಟದ ನೆತ್ತಿಯ ಮೇಲೆ ‘ಉಲ್ಲೇಖ ಬೇಕಿದೆ’ ಎಂದು ಹಾಕಿ, ಯಾವ ಸಂಗತಿಗೆ ಎಂಥ ಆಧಾರ ಬೇಕೆಂದು ಚರ್ಚೆ ಪುಟದಲ್ಲಿ ಬರೆದು, ಬರೆದವರಿಗೆ ಸಮಯ ಕೊಟ್ಟರೆ ಆ ಸ್ಮರಣ ಸಂಚಿಕೆಯ ಹೆಸರು, ವರ್ಷ, ಪುಟಸಂಖ್ಯೆ ಬಂದು ಸೇರಲೂಬಹುದು. ಬಾರದೆ ಅಳಿಸಬೇಕಾಗಿ ಬಂದರೂ, ಆ ಕಾರಣವನ್ನು ದಾಖಲೆ ಪಟ್ಟಿಯಲ್ಲಿ ಬರೆದಿಟ್ಟರೆ, ಮುಂದೊಂದು ದಿನ ಸಂಚಿಕೆ ಕೈಗೆ ಸಿಕ್ಕವರು ಅದನ್ನು ಓದಿ, ಪುಟವನ್ನು ಮರಳಿಸಿ ಎಂದು ಕೇಳಬಹುದು.