ಪರದೆಯ ಹಿಂದೆ ಒಂದು ವಾರ



ಹವ್ಯಾಸಿ ರಂಗತಂಡಗಳನ್ನು ಕುರಿತ ನಮ್ಮ ಮಾತುಕತೆಯಲ್ಲಿ ವೇಳೆ ಸಾಲದೆ ಒಂದು ಪ್ರಶ್ನೆ ಹಾಗೆಯೇ ಉಳಿದುಹೋಯಿತು. ಕಾಲೇಜಿನಿಂದ ಒಂದು ವಾರ ಕೆಲಸದ ಅನುಭವಕ್ಕೆಂದು ಇಂಥ ಸಂಸ್ಥೆಗೆ ಹೋದರೆ, ಅಭಿನಯ ಬಾರದವರು ಅಲ್ಲಿ ಮಾಡುವುದಾದರೂ ಏನು?

ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರವರೇ ಸೇರಿ ಕಟ್ಟಿಕೊಂಡ ನೀನಾಸಂ ಹೆಸರನ್ನು ನೀವು ಕೇಳಿರುತ್ತೀರಿ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1985ರಲ್ಲಿ ಆರಂಭವಾದ ಅದರ 'ತಿರುಗಾಟ' ಊರೂರಿಗೆ ನಾಟಕಗಳನ್ನು ಒಯ್ಯುತ್ತದೆ. ಆದರೆ ತಂಡ ಬಂದಿಳಿಯುವ ಊರಿನಲ್ಲಿ ಸಭಾಂಗಣ ಗೊತ್ತುಮಾಡಿ, ಟಿಕೆಟ್ ಮಾರಿ, ಊಟಕ್ಕೆ ಏರ್ಪಾಡು ಮಾಡುವ ಸ್ಥಳೀಯರು ಇಲ್ಲದಿದ್ದರೆ ನಾಟಕ ನಡೆಯುವುದಿಲ್ಲ. ಅಂಥವರ ಸಂಘಗಳು ನಿಮ್ಮ ಊರಿನ ಆಸುಪಾಸಿನಲ್ಲೂ ಇರಬಹುದು. ನೀವು ಹೋಗಬೇಕಾದದ್ದು ಅಲ್ಲಿಗೆ.

ಮೊದಲ ದಿನ ಕೈಗೆ ಪೊರಕೆ ಬರುತ್ತದೆ. ಬೇಸರಪಡಬೇಡಿ. ನಟರು ಬರಿಗಾಲಿನಲ್ಲಿ ಓಡಾಡುವ ಜಾಗ ಅದು. ರಂಗಸಜ್ಜಿಕೆಯಿಂದ ಉದುರಿದ ಒಂದು ಮೊಳೆ ಸಾಕು.

ವಿಜ್ಞಾನದ ವಿದ್ಯಾರ್ಥಿಗಳಿಗೆ ನನ್ನ ಸಲಹೆ, ಬೆಳಕಿನ ವಿಭಾಗ ಕೇಳಿ. ನಾನು ಬಿ.ಎಸ್ಸಿ. ಓದುವಾಗ ದಸರಾ ರಜೆಯಲ್ಲಿ ಒಂದು ತಂಡಕ್ಕೆ ಹೋಗಿದ್ದೆ. ಭೌತಶಾಸ್ತ್ರದ ಹುಡುಗನೆಂದು ಲೈಟುಗಳನ್ನು ನನಗೇ ಒಪ್ಪಿಸಿದರು. ಸಾವಿರ ವ್ಯಾಟಿನ ಆರು ದೀಪಗಳು. ಕೈಗೆ ಹತ್ತಿರವೆಂದು ಆರನ್ನೂ ಒಂದೇ ಲೈನಿಗೆ ಕೊಟ್ಟೆ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್ ಎಂಬುದು ಪರೀಕ್ಷೆಯಲ್ಲಿ ಬರೆಯಲು ನನಗೆ ಗೊತ್ತಿತ್ತು. 6000ವನ್ನು 230ರಿಂದ ಭಾಗಿಸಿ ನೋಡಿ, ಸುಮಾರು 26 ಆಂಪಿಯರ್. ಅಲ್ಲಿದ್ದದ್ದು 15 ಆಂಪಿಯರಿನ ಫ್ಯೂಸ್. ಸ್ವಲ್ಪ ಹೊತ್ತು ತಡೆದುಕೊಂಡಿತು. ಮೂರನೆಯ ದೃಶ್ಯದ ನಡುವೆ ಸುಟ್ಟು ರಂಗವೆಲ್ಲ ಕತ್ತಲಾಯಿತು. ಮುದುಕನ ಪಾತ್ರದವರು ಕತ್ತಲಲ್ಲೇ ಮಾತು ಮುಂದುವರಿಸಿದರು. ಅವರ ಧೈರ್ಯವನ್ನು ಇಂದಿಗೂ ನೆನೆಯುತ್ತೇನೆ.

ಮುಂದಾದದ್ದು ಇನ್ನೂ ಮುಖ್ಯ. ಯಾರೋ ಒಬ್ಬರು ದಪ್ಪ ತಾಮ್ರದ ತಂತಿ ತಂದು, ಫ್ಯೂಸಿನ ಜಾಗದಲ್ಲಿ ಇದನ್ನೇ ಸುತ್ತಿಬಿಡೋಣ ಎಂದರು. ತಂಡದ ಹಿರಿಯರಾದ ಮೇಷ್ಟ್ರು ಬಿಡಲಿಲ್ಲ. "ಬೇಡ ತಮ್ಮಾ, ಆಗ ಗೋಡೆಯೊಳಗಿನ ವೈರೇ ಫ್ಯೂಸ್ ಆಗುತ್ತೆ," ಎಂದರು. ಫ್ಯೂಸ್ ತಂತಿ ತೆಳ್ಳಗಿರುವುದು ಮೊದಲು ತಾನು ಕರಗಿ ಉಳಿದದ್ದನ್ನು ಕಾಪಾಡಲೆಂದೇ. ಅದು ಕರಗದಿದ್ದರೆ ಆ ಬಿಸಿಯೆಲ್ಲ ಹಳೆಯ ವೈರಿನ ಹೊದಿಕೆಗೆ ತಗಲುತ್ತದೆ. ಆ ರಾತ್ರಿ ಮೂರೇ ದೀಪಗಳಲ್ಲಿ, ಅಂದರೆ 13 ಆಂಪಿಯರಿನಲ್ಲಿ, ನಾಟಕ ಮುಗಿಯಿತು. ಈಗ ಫ್ಯೂಸಿನ ಬದಲು ಎಂಸಿಬಿ ಬಂದಿದೆ, ಎಲ್‌ಇಡಿ ದೀಪಗಳು ವಿದ್ಯುತ್ತನ್ನು ಬಹಳ ಕಡಿಮೆ ಬಳಸುತ್ತವೆ. ಲೆಕ್ಕ ಮಾತ್ರ ಅದೇ. ಉದ್ದದ ಕೇಬಲ್ಲನ್ನು ಸುರುಳಿ ಬಿಚ್ಚದೆ ಬಳಸಬೇಡಿ, ಒಳಗಿನ ಸುತ್ತುಗಳ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಕಡೆ ಗಾಜು ವಿಪರೀತ ಕಾದು ಬಲ್ಬು ಬೇಗ ಹಾಳಾಗುತ್ತದೆ.

ಧ್ವನಿಯ ವಿಷಯ ಒಂದೇ ಮಾತು. ಖಾಲಿ ಸಭಾಂಗಣದಲ್ಲಿ ತಾಲೀಮು ನಡೆಯುವಾಗ ಗಂಯ್ ಎಂದು ತುಂಬಿಕೊಳ್ಳುವ ದನಿ, ಜನ ಸೇರಿದಾಗ ಅಡಗುತ್ತದೆ. ಬಟ್ಟೆ ತೊಟ್ಟ ಮೈಗಳು ಶಬ್ದವನ್ನು ಹೀರಿಕೊಳ್ಳುವುದೇ ಕಾರಣ.

ಕುರ್ಚಿ ಹಾಕುವ ಕೆಲಸ ಬಂದರೆ ಅದನ್ನು ಹಗುರವಾಗಿ ಎಣಿಸಬೇಡಿ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಟ್ರಾನ್ಸ್‌ಫಾರ್ಮರಿನಿಂದ ಬೆಂಕಿ ಹೊತ್ತಿ, ಹೊಗೆ ತುಂಬಿ 59 ಜನ ಸತ್ತರು. ಬಾಲ್ಕನಿಯಲ್ಲಿ ಹೆಚ್ಚುವರಿ ಕುರ್ಚಿಗಳು ಒಂದು ಬದಿಯ ದಾರಿಯನ್ನು ಮುಚ್ಚಿದ್ದವು. ಜನ ಹೆಚ್ಚಾಗಿ ಸಂಘಟಕರು "ಇನ್ನೊಂದು ಸಾಲು ಹಾಕು" ಎಂದಾಗ, ಬಾಗಿಲಿನ ಎದುರು ಹಾಕುವುದಿಲ್ಲ ಎನ್ನಬೇಕಾದವರು ನೀವೇ. ಹೇಳುವುದು ಕಷ್ಟ. ಆದರೂ ಹೇಳಿ.

ಹೋಗುವ ಮುನ್ನ ಸಂಘದ ಕಾರ್ಯದರ್ಶಿಯವರಿಗೆ ಒಂದು ಪತ್ರ ಬರೆಯಿರಿ. ಹತ್ತಿಯ ಬಟ್ಟೆ, ರಬ್ಬರ್ ಅಟ್ಟೆಯ ಚಪ್ಪಲಿ, ಒಂದು ಟೆಸ್ಟರ್, ಒಂದು ನೋಟು ಪುಸ್ತಕ ಜೊತೆಗಿರಲಿ. ಮೊದಲ ಎರಡು ದಿನ ನೀವು ಅವರಿಗೆ ಭಾರವೇ. ಹೇಳಿಕೊಡುವವರಿಗೂ ಅವರ ಕೆಲಸವಿರುತ್ತದೆ. ಪ್ರಮಾಣಪತ್ರವನ್ನು ಬಂದ ದಿನವೇ ಕೇಳಬೇಡಿ. ಕೊನೆಯ ದಿನ ಕೇಳುವಾಗ ಮಾತ್ರ 'ಭಾಗವಹಿಸಿದ್ದಾರೆ' ಎಂದಷ್ಟೇ ಬರೆಸಿಕೊಳ್ಳದೆ, ಮಾಡಿದ ಕೆಲಸವನ್ನು ಹೆಸರಿಸಲು ವಿನಂತಿಸಿ. ನನ್ನದರಲ್ಲಿ ಮೇಷ್ಟ್ರು 'ಬೆಳಕಿನ ವಿಭಾಗ' ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ 'ಒಂದು ಫ್ಯೂಸ್ ಸೇರಿ' ಎಂದು ಸೇರಿಸಿದ್ದರು.