ಮನೆಯ ಪರದೆಯಲ್ಲಿ ‘ಬಂಗಾರದ ಮನುಷ್ಯ’: ಹಾಡು ಹಾರಿಸಿದರೆ ಹೊಲ ಹಸಿರಾದೀತೆ?

ದಾವಣಗೆರೆ: ಅರ್ಧ ಶತಮಾನ ದಾಟಿದ ಚಿತ್ರವೊಂದರ ಬಗ್ಗೆ ಇಂದಿಗೂ ಮನೆಮಂದಿಯಲ್ಲಿ ವಾದ ನಡೆಯುತ್ತದೆಯೆಂದರೆ ಅದು ಬಹುಮಟ್ಟಿಗೆ ‘ಬಂಗಾರದ ಮನುಷ್ಯ’ವೇ ಆಗಿರುತ್ತದೆ. 1972ರ ಮಾರ್ಚ್ 31ರಂದು ತೆರೆಕಂಡು, ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ (ನಂತರದ ಹೆಸರು ಭೂಮಿಕಾ) ಎರಡು ವರ್ಷ ಓಡಿದ ಈ ಚಿತ್ರ, ಅಲ್ಲಿಂದ ಇಳಿದ ಮೇಲೆ ಕ್ಯಾಸೆಟ್ಟು, ವಿಸಿಡಿ, ಡಿವಿಡಿ, ಟಿವಿ ವಾಹಿನಿಗಳ ಭಾನುವಾರದ ಮಧ್ಯಾಹ್ನ, ಈಗ ಅಂತರಜಾಲ ಹೀಗೆ ನಾನಾ ರೂಪದಲ್ಲಿ ಮನೆಯೊಳಗೆ ಬಂದಿದೆ. ಚಿತ್ರಮಂದಿರದಲ್ಲಿ ಕಂಡವರು ಒಂದು ತಲೆಮಾರಾದರೆ, ಮನೆಯಲ್ಲಷ್ಟೇ ಕಂಡವರು ಮತ್ತೆರಡು ತಲೆಮಾರು.

ದಾವಣಗೆರೆ, ಹರಿಹರಗಳಲ್ಲಿ ಈ ಚಿತ್ರದ ಮಾತೆತ್ತಿದರೆ ಮೊದಲು ಹೊಗಳಿಕೆ ಬರುತ್ತದೆ, ಅದರ ಹಿಂದೆಯೇ ತಕರಾರೂ ಬರುತ್ತದೆ. ತಕರಾರು ಕಥೆಯ ಮೇಲಲ್ಲ, ಮನೆಗೆ ಬಂದ ಪ್ರತಿಯ ಮೇಲೆ. ಹಾಡು ಎಲ್ಲಿ ಹೋಯಿತು? ಹೊಲವೇಕೆ ಹಸಿರಾಗಿಲ್ಲ? ಅಣ್ಣಾವ್ರ ಮುಖವೇಕೆ ಅಗಲವಾಗಿದೆ? ಹಿರಿಯರ ನೆನಪು ಮಸುಕಾಗಿದೆಯೆಂದು ಕಿರಿಯರು ನಗುವುದುಂಟು. ಆದರೆ ಈ ವಿಷಯದಲ್ಲಿ ಹಿರಿಯರ ನೆನಪೇ ಸರಿ ಎನ್ನುವುದಕ್ಕೆ ತಾಂತ್ರಿಕ ಕಾರಣಗಳಿವೆ.

ಮೊದಲು ಕಥೆಯ ಎಳೆ. ಟಿ.ಕೆ. ರಾಮರಾಯರ ಅದೇ ಹೆಸರಿನ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯ ನಿರ್ದೇಶಿಸಿದ ಚಿತ್ರವಿದು. ಅಕ್ಕನ ಗಂಡ ಅಕಾಲ ಮರಣಕ್ಕೀಡಾದಾಗ ತಮ್ಮ ರಾಜೀವ ಆ ಕುಟುಂಬದ ಹೊಣೆ ಹೊರುತ್ತಾನೆ. ಬಂಜರು ನೆಲವನ್ನು ಹಿಡಿದು ಬೇಸಾಯಕ್ಕಿಳಿಯುತ್ತಾನೆ. ಸಾಹುಕಾರ ರಾಚೂಟಪ್ಪ ಅವನ ಬೆನ್ನಿಗೆ ನಿಲ್ಲುತ್ತಾನೆ. ಈ ಪಾತ್ರದಲ್ಲಿ ಬಾಲಕೃಷ್ಣ ಅವರದು ಇಂದಿಗೂ ಮಾತನಾಡಿಸುವ ಅಭಿನಯ. ನೆಲ ಬಂಗಾರವಾಗುತ್ತದೆ, ಮನೆ ತುಂಬುತ್ತದೆ, ಮದುವೆಯಾಗಿ ಬಂದ ಲಕ್ಷ್ಮಿ (ಭಾರತಿ) ಬಹುಕಾಲ ಬದುಕುವುದಿಲ್ಲ. ಕೊನೆಗೆ ತಾನೇ ಬೆಳೆಸಿದ ಅಕ್ಕನ ಮಗನಿಂದ ಸಂಶಯದ ಮಾತು ಕೇಳಬೇಕಾದಾಗ ರಾಜೀವ ಊಟದಿಂದ ಎದ್ದು, ಒಂದು ಮಾತನ್ನೂ ಆಡದೆ, ಮನೆಯನ್ನೇ ಬಿಟ್ಟು ನಡೆದುಬಿಡುತ್ತಾನೆ.

ಈ ಸೀಮೆಯ ಪ್ರೇಕ್ಷಕರಿಗೆ ಈ ಕಥೆ ಹತ್ತಿರವಾಗಲು ಬೇರೊಂದು ಕಾರಣವೂ ಇದೆ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣಗೊಂಡು, ನಾಲೆಯ ನೀರು ದಾವಣಗೆರೆ, ಹರಿಹರದ ಬಯಲಿಗೆ ಹರಿದಾಗ ಜೋಳ, ಹತ್ತಿ ಬೆಳೆಯುತ್ತಿದ್ದ ಎರೆಭೂಮಿ ಭತ್ತದ ಗದ್ದೆಯಾಯಿತು. ಚಿತ್ರ ಬಂದದ್ದು ಆ ಬದಲಾವಣೆ ಕಣ್ಣೆದುರೇ ನಡೆದಿದ್ದ ಹೊತ್ತಿನಲ್ಲಿ. ಹತ್ತಿ ಗಿರಣಿಯಲ್ಲಿ ಪಾಳಿ ಮುಗಿಸಿ, ಭಾನುವಾರ ಊರಿಗೆ ಹೋಗಿ ಗದ್ದೆ ನೋಡಿ ಬರುತ್ತಿದ್ದ ಕುಟುಂಬಗಳು ಈ ಊರಿನಲ್ಲಿ ಎಷ್ಟೋ ಇದ್ದವು. ಒಣನೆಲ ಹಸಿರಾಗುವುದನ್ನು ಪರದೆಯ ಮೇಲೆ ನೋಡುವುದು ಅವರಿಗೆ ಕಲ್ಪನೆಯ ವಿಷಯವಾಗಿರಲಿಲ್ಲ. ನಾಲೆಯ ಕೊನೆಯ ಭಾಗದ ಹಳ್ಳಿಗಳವರು ಮಾತ್ರ ಇಂದಿಗೂ ಇದೇ ಚಿತ್ರವನ್ನು ಸ್ವಲ್ಪ ಕಹಿಯಾಗಿಯೇ ನೋಡುತ್ತಾರೆ. ರಾಜೀವನಿಗೆ ನೀರು ಸಿಕ್ಕಿತು, ನಮಗೆ ಬೇಸಿಗೆ ಬೆಳೆಗೆ ನೀರು ಬರುವುದೇ ಅನುಮಾನ ಎಂಬುದು ಅವರ ಅಂಬೋಣ.

ಹಾಡಿನಲ್ಲಿದೆ ದುಡಿಮೆ

ಜಿ.ಕೆ. ವೆಂಕಟೇಶ್ ಅವರ ಸಂಗೀತದ ಹಾಡುಗಳು ಈ ಚಿತ್ರದ ಜೀವಾಳ. ಬಂಜರು ಹಸನು ಮಾಡುವ ಸಂದರ್ಭಕ್ಕೆ ಆರ್.ಎನ್. ಜಯಗೋಪಾಲ್ ಬರೆದ ಹಾಡನ್ನೇ ತೆಗೆದುಕೊಳ್ಳಿ. ಆಗದು ಎಂದು ಕೈಕಟ್ಟಿ ಕುಳಿತರೆ ಯಾವ ಕೆಲಸವೂ ಸಾಗದು ಎನ್ನುವ ಆ ಹಾಡು ಕನ್ನಂಬಾಡಿ ಕಟ್ಟೆಯನ್ನೂ ವಿಶ್ವೇಶ್ವರಯ್ಯನವರನ್ನೂ ಸಾಕ್ಷಿಗೆ ಕರೆಯುತ್ತದೆ. ಕಥೆಯಲ್ಲಿ ಅದರ ಕೆಲಸವೇನೆಂದು ಗಮನಿಸಬೇಕು. ಎಷ್ಟೋ ತಿಂಗಳ ದುಡಿಮೆಯನ್ನು ಆ ಹಾಡು ಕೆಲವೇ ನಿಮಿಷಗಳಲ್ಲಿ ತೋರಿಸಿಬಿಡುತ್ತದೆ. ಅದನ್ನು ತೆಗೆದರೆ ಕಲ್ಲುನೆಲದ ದೃಶ್ಯವಾದ ಮರುಗಳಿಗೆಯಲ್ಲೇ ಸಮೃದ್ಧಿ ಬಂದುಬಿಡುತ್ತದೆ. ರಾಜೀವ ಬೆವರು ಸುರಿಸಿದ್ದು ಕಾಣುವುದೇ ಇಲ್ಲ. ಬೆವರು ಕಾಣದಿದ್ದರೆ ಕೊನೆಯಲ್ಲಿ ಅವನು ಎಲ್ಲವನ್ನೂ ಬಿಟ್ಟು ಹೋಗುವುದರ ನೋವೂ ಅರ್ಧಕ್ಕೆ ಇಳಿಯುತ್ತದೆ.

ಹಾಗಿದ್ದರೆ ಹಾಡು ಮಾಯವಾಗುವುದೇಕೆ? ವಿಸಿಡಿ ಕಾಲದವರಿಗೆ ಉತ್ತರ ಸುಲಭ. ಒಂದು ವಿಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷದ ಚಿತ್ರ ಮಾತ್ರ. ಮೂರು ಗಂಟೆಗೆ ಹತ್ತಿರವಾದ ಹಳೆಯ ಕನ್ನಡ ಚಿತ್ರಕ್ಕೆ ಮೂರು ಸಿಡಿ ಬೇಕು. ಎರಡರಲ್ಲೇ ತುರುಕಬೇಕೆಂದರೆ ಹದಿನೈದು ಇಪ್ಪತ್ತು ನಿಮಿಷ ಎಲ್ಲಿಂದಲಾದರೂ ತೆಗೆಯಲೇಬೇಕು. ಸಂಭಾಷಣೆ ಕತ್ತರಿಸಿದರೆ ಕಥೆ ತಿಳಿಯುವುದಿಲ್ಲ, ಹಾಡು ಕತ್ತರಿಸಿದರೆ ತಿಳಿಯುತ್ತದೆ ಎಂಬುದು ಕತ್ತರಿ ಹಿಡಿದವರ ಲೆಕ್ಕ. ಟಿವಿಯಲ್ಲಿ ಜಾಹೀರಾತಿಗೆ ಜಾಗ ಮಾಡುವಾಗಲೂ ಇದೇ ಲೆಕ್ಕ. ಹೊಡೆದಾಟ, ಹಾಸ್ಯಗಳೇ ಮುಖ್ಯವಾದ ಚಿತ್ರಕ್ಕೆ ಈ ಲೆಕ್ಕ ಹೊಂದೀತು, ‘ಬಂಗಾರದ ಮನುಷ್ಯ’ಕ್ಕೆ ಹೊಂದುವುದಿಲ್ಲ.

ಕತ್ತರಿ ಬೀಳದ ಪ್ರತಿ ಸಿಕ್ಕರೂ ಈಗ ರಿಮೋಟ್ ಇದೆ! ಹಾಡು ಬಂದೊಡನೆ ಮುಂದಕ್ಕೆ ಓಡಿಸುವುದು ಇಂದಿನ ಮನೆಗಳ ವಾಡಿಕೆ. ಚಿಂದೋಡಿ ಲೀಲಾ ಅವರ ಕುಟುಂಬದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಿದು. ಕಂಪನಿ ನಾಟಕಗಳಲ್ಲಿ ಹಾಡು ಮುಗಿದೊಡನೆ ‘ಒನ್ಸ್ ಮೋರ್’ ಕೂಗಿ, ನಟನನ್ನು ಮತ್ತೆ ಹಾಡಿಸಿ, ಆಮೇಲೆ ಕಥೆ ಮುಂದುವರಿಸಲು ಅಪ್ಪಣೆ ಕೊಡುತ್ತಿದ್ದ ಪ್ರೇಕ್ಷಕರ ಮೊಮ್ಮಕ್ಕಳು ಇಂದು ಹಾಡನ್ನು ಹಾರಿಸುತ್ತಿದ್ದಾರೆ. ಗುಬ್ಬಿ ಕಂಪನಿಯಲ್ಲಿ ಪಳಗಿದ ಡಾ. ರಾಜ್‌ಕುಮಾರ್ ಅವರಿಗೂ ಆ ಕೂಗು ಪರಿಚಿತವಾದದ್ದೇ.

ಕಿರಿಯರ ಮತ್ತೊಂದು ಪ್ರಶ್ನೆ: ಹಾಡುವಾಗ ಅಣ್ಣಾವ್ರ ದನಿ ಬೇರೆ ಇದೆಯಲ್ಲ? ಇದು ಪ್ರತಿಯ ದೋಷವಲ್ಲ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ನಂತರವಷ್ಟೇ ರಾಜ್ ತಮ್ಮ ಚಿತ್ರಗಳಿಗೆ ತಾವೇ ನಿಯಮಿತವಾಗಿ ಹಾಡತೊಡಗಿದರು. ಅದಕ್ಕೂ ಮುನ್ನಿನ ಈ ಚಿತ್ರದಲ್ಲಿ ಅವರ ಹಾಡಿನ ದನಿ ಪಿ.ಬಿ. ಶ್ರೀನಿವಾಸ್ ಅವರದು.

ಆದರೆ ಆ ದನಿಯೂ ಕೆಲವು ಡಿಸ್ಕುಗಳಲ್ಲಿ ಸ್ವಲ್ಪ ತೆಳ್ಳಗೆ ಕೇಳಿಸುತ್ತದೆ, ಹಾರ್ಮೋನಿಯಂ ಜೊತೆ ಕೂಡುವುದಿಲ್ಲ ಎನ್ನುವವರು ಇದ್ದಾರೆ. ಇದು ನಿಜವಿರಬಹುದು. ಚಿತ್ರಮಂದಿರದಲ್ಲಿ ರೀಲು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ನಮ್ಮ ದೇಶದ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ ಸೆಕೆಂಡಿಗೆ 25. ಚೌಕಟ್ಟಿಗೆ ಚೌಕಟ್ಟು ಹೊಂದಿಸಿ ಇಳಿಸಿದರೆ ಚಿತ್ರ ಶೇ. 4ರಷ್ಟು ವೇಗವಾಗಿ ಓಡುತ್ತದೆ. ಮೂರು ಗಂಟೆಯ ಚಿತ್ರ ಏಳು ನಿಮಿಷ ಮೊದಲೇ ಮುಗಿಯುತ್ತದೆ. ಶ್ರುತಿಯನ್ನು ಸರಿಪಡಿಸದಿದ್ದರೆ ಹಾಡು ಒಂದು ಸ್ವರಸ್ಥಾನದ ಮುಕ್ಕಾಲು ಭಾಗಕ್ಕೆ ಸಮೀಪದಷ್ಟು ಮೇಲೇರುತ್ತದೆ. ಸಂಗೀತದ ಕಿವಿಯುಳ್ಳವರು ಇದನ್ನು ಹಿಡಿಯುತ್ತಾರೆ, ಉಳಿದವರಿಗೆ ‘ಏನೋ ಒಂದು ಬೇರೆ’ ಎನಿಸುತ್ತದೆ.

ಹಸಿರು ಹೋದದ್ದೆಲ್ಲಿಗೆ?

ಎರಡನೆಯ ತಕರಾರು ಇನ್ನೂ ಮುಖ್ಯವಾದದ್ದು. ಅಂದು ಪರದೆಯ ತುಂಬ ಹಸಿರಿತ್ತು, ಮನೆಗೆ ಬಂದ ಹಳೆಯ ಪ್ರತಿಗಳಲ್ಲಿ ಗದ್ದೆ ಕಂದುಬಣ್ಣಕ್ಕೆ, ಆಕಾಶ ಗುಲಾಬಿಗೆ ತಿರುಗಿದೆ ಎಂಬ ದೂರು ಆ ಕಾಲದ ವರ್ಣಚಿತ್ರಗಳಿಗೆಲ್ಲ ಅನ್ವಯಿಸುವಂಥದು. ವರ್ಣಚಿತ್ರದ ರೀಲಿನಲ್ಲಿ ಹಳದಿ, ಕಡುಗುಲಾಬಿ ಮತ್ತು ತಿಳಿನೀಲಿ ಎಂಬ ಮೂರು ಬಣ್ಣದ ಪದರಗಳಿರುತ್ತವೆ. ಪರದೆಯ ಮೇಲಿನ ಹಸಿರು, ಹಳದಿ ಮತ್ತು ತಿಳಿನೀಲಿ ಸೇರಿ ಆಗುವುದು. 1960, 70ರ ದಶಕಗಳಲ್ಲಿ ಬಳಕೆಯಲ್ಲಿದ್ದ ಈಸ್ಟ್‌ಮನ್ ಬಗೆಯ ಪ್ರತಿಗಳಲ್ಲಿ ಡಬ್ಬಿಯೊಳಗಿದ್ದರೂ ಮೊದಲು ಮಾಸುವುದು ಈ ತಿಳಿನೀಲಿ. ಅದು ಹೋದರೆ ಉಳಿಯುವುದು ಕೆಂಪು ಛಾಯೆ. ಸೆಕೆ, ತೇವಾಂಶಗಳು ಈ ಕೆಲಸವನ್ನು ಚುರುಕುಗೊಳಿಸುತ್ತವೆ. ನಮ್ಮ ಗೋದಾಮುಗಳಲ್ಲಿ ಎರಡಕ್ಕೂ ಕೊರತೆಯಿಲ್ಲ.

ಅಂದರೆ ಬರಡು ನೆಲ ಹಸಿರಾಗುವ ಕಥೆಯನ್ನು ಹೇಳುವ ಚಿತ್ರದಲ್ಲೇ ಮೊದಲು ಅಳಿಯುವ ಬಣ್ಣ ಹಸಿರು. ಗದ್ದೆ ಕಂದಾಗಿ ಕಾಣುವ ಪ್ರತಿಯಲ್ಲಿ ಬಂಜರಿಗೂ ಬೆಳೆಗೂ ನಡುವಿನ ವ್ಯತ್ಯಾಸವೇ ಕರಗುತ್ತದೆ. ಭದ್ರಾ ನಾಲೆಯ ಬಯಲಿನಲ್ಲಿ ಭತ್ತ ತೆನೆಗಟ್ಟುವುದನ್ನು ನೋಡಿ ಬೆಳೆದ ಪ್ರೇಕ್ಷಕ ಇದನ್ನು ಸಹಿಸದಿರುವುದು ಸಹಜ.

ಮೂಲ ನೆಗೆಟಿವ್ ಸುಸ್ಥಿತಿಯಲ್ಲಿದ್ದರೆ ಅದರಿಂದ ಹೊಸ ಪ್ರತಿ ಮಾಡಬಹುದು. ಮಾಸಿದ ಪ್ರತಿಯನ್ನೂ ಕಂಪ್ಯೂಟರ್‌ನಲ್ಲಿ ಒಂದು ಮಟ್ಟಿಗೆ ತಿದ್ದಬಹುದು. ಹಣ, ಆಸಕ್ತಿ ಎರಡೂ ಬೇಕು ಅಷ್ಟೆ. ಕಪ್ಪುಬಿಳುಪಿನ ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿಯೂ, ‘ಕಸ್ತೂರಿ ನಿವಾಸ’ (1971) 2014ರಲ್ಲಿಯೂ ಬಣ್ಣ ತುಂಬಿಕೊಂಡು ಮರಳಿ ತೆರೆಗೆ ಬಂದವು, ಜನ ಚಿತ್ರಮಂದಿರಕ್ಕೆ ಹೋಗಿ ನೋಡಿದರು. ಇಲ್ಲದ ಬಣ್ಣವನ್ನು ತುಂಬಲು ತೋರಿದ ಈ ಉತ್ಸಾಹ, ಇದ್ದ ಬಣ್ಣವನ್ನು ಉಳಿಸುವಲ್ಲಿಯೂ ಕಂಡಿದ್ದರೆ ಚೆನ್ನಾಗಿತ್ತು ಎನ್ನದೆ ವಿಧಿಯಿಲ್ಲ.

ಉದಾಸೀನ ಮಾಡಿದರೆ ಏನಾಗುತ್ತದೆಂಬುದಕ್ಕೆ ಕನ್ನಡಿಗರು ಬೇರೆಡೆ ಹುಡುಕಬೇಕಿಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಲಭ್ಯವಿಲ್ಲ. ಮನೆಗೆಂದು ಅಗ್ಗದಲ್ಲಿ ಇಳಿಸಿದ ಡಿಸ್ಕೇ ಕೆಲವು ಹಳೆಯ ಚಿತ್ರಗಳಿಗೆ ಕೊನೆಯ ಆಸರೆಯಾಗಿಬಿಡುವ ಅಪಾಯವಿದೆ. ಅದರಲ್ಲಿ ಹಾಡು ಇಲ್ಲದಿದ್ದರೆ ಮುಂದೆಂದೂ ಇಲ್ಲ.

ಮುಖ ಅಗಲವಾಗುವ ದೂರಿಗೆ ಮಾತ್ರ ಮನೆಯಲ್ಲೇ ಪರಿಹಾರವುಂಟು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳ ಚೌಕಟ್ಟು ಹೆಚ್ಚು ಅಗಲವಿಲ್ಲದ್ದು, ಹಳೆಯ ಟಿವಿಯ 4:3 ಅಳತೆಗೆ ಹತ್ತಿರದ್ದು. ಇಂದಿನ ಅಗಲ ಟಿವಿಯಲ್ಲಿ ಅದನ್ನು ಎಳೆದು ತುಂಬಿಸಿದಾಗ ಎಲ್ಲರೂ ದಪ್ಪಗಾಗುತ್ತಾರೆ. ರಿಮೋಟಿನಲ್ಲಿ ಚಿತ್ರದ ಅಳತೆಯನ್ನು 4:3ಕ್ಕೆ ಬದಲಿಸಿದರೆ ಸರಿಹೋಗುತ್ತದೆ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಅದು ದೋಷವಲ್ಲ. ಎಳೆಯುವ ಬದಲು ಮೇಲೆ ಕೆಳಗೆ ಕತ್ತರಿಸಿದ ಪ್ರತಿಯಾದರೆ ಮಾತ್ರ ಏನೂ ಮಾಡಲಾಗದು. ಅಂಥವುಗಳಲ್ಲಿ ರಾಚೂಟಪ್ಪನ ಪೇಟವೇ ಪರದೆಯ ಹೊರಗಿರಬಹುದು.

ಮಾತಾಡಬಾರದಿತ್ತೆ?

ಪ್ರತಿಯ ಮಾತಾಯಿತು. ಕಥೆಯ ಬಗ್ಗೆ ಮನೆಯಲ್ಲಿ ನಡೆಯುವ ವಾದವೇ ಬೇರೆ. ಚಿತ್ರಮಂದಿರದಲ್ಲಿ ಕತ್ತಲೆಯಲ್ಲಿ ಕುಳಿತು, ಕಣ್ಣೊರೆಸಿಕೊಂಡು ಎದ್ದು ಬಂದವರು ರಾಜೀವನನ್ನು ದೇವರೆಂದರು. ಈ ಚಿತ್ರ ನೋಡಿ ಪಟ್ಟಣ ಬಿಟ್ಟು ಹಳ್ಳಿಗೆ ಮರಳಿದ ಯುವಕರ ಮಾತು ಅಂದಿನಿಂದ ಇಂದಿನವರೆಗೂ ಬಾಯಿಂದ ಬಾಯಿಗೆ ಬಂದಿದೆ. ಮನೆಯ ಬೆಳಕಿನಲ್ಲಿ, ಪಕ್ಕದಲ್ಲಿ ಅಕ್ಕ, ತಮ್ಮ, ಸೊಸೆ, ಅಳಿಯ ಎಲ್ಲರನ್ನೂ ಕೂರಿಸಿಕೊಂಡು ನೋಡಿದಾಗ ಪ್ರಶ್ನೆಗಳು ಏಳುತ್ತವೆ. ತಪ್ಪಿಲ್ಲದವನು ಒಂದೇ ಒಂದು ಮಾತು ಹೇಳಿ ಸಂಶಯ ನೀಗಿಸಬಾರದಿತ್ತೆ? ಎದ್ದು ಹೋದದ್ದು ತ್ಯಾಗವೋ, ಅಭಿಮಾನವೋ? ಹೋದವನಿಗೆ ಹೆಸರು ಬಂತು, ಉಳಿದ ಅಕ್ಕನ ಗತಿಯೇನು? ಆದವಾನಿ ಲಕ್ಷ್ಮೀದೇವಿ ಅವರ ಆ ಅಕ್ಕನ ಪಾತ್ರದ ಪರವಾಗಿ ವಾದಿಸುವವರು ಹೆಚ್ಚಾಗಿ ಹೆಂಗಸರು. ಲಕ್ಷ್ಮಿಯ ಸಾವು ಕಥೆಯ ಅನುಕೂಲಕ್ಕೆ ತಂದದ್ದು ಎಂಬ ಆಕ್ಷೇಪವೂ ಅವರದೇ. ಆಕ್ಷೇಪದಲ್ಲಿ ಹುರುಳಿದೆ ಎಂದು ಈ ವರದಿಗಾರನಿಗೂ ಅನ್ನಿಸಿದೆ.

ಆಸ್ತಿ ಪಾಲಿನ ನೋವು ಉಂಡ ಮನೆಗಳಲ್ಲಿ ಈ ವಾದ ಬೇಗ ಸಿನಿಮಾ ಬಿಟ್ಟು ಹೊಲದ ಬದುವಿಗೆ ಹೋಗಿಬಿಡುತ್ತದೆ. ದುಡಿದ ತಮ್ಮ ಯಾರು, ಅನುಭವಿಸಿದ ಅಣ್ಣ ಯಾರು ಎಂಬ ಹಳೆಯ ಲೆಕ್ಕ ಹೊರಬರುತ್ತದೆ. ಆಗ ಹಿರಿಯರೊಬ್ಬರು ದನಿ ಏರಿಸಿ ‘ಸುಮ್ನೆ ನೋಡ್ರೋ’ ಎನ್ನುತ್ತಾರೆ.

ಈ ವರದಿಗಾರನ ಬಾಲ್ಯದಲ್ಲಿ ಹರಿಹರದ ಮನೆಯೊಂದಕ್ಕೆ ಬಾಡಿಗೆಗೆ ತಂದ ವಿಸಿಡಿಯಲ್ಲಿ ಎರಡನೆಯ ಸಿಡಿ ಗೀರಾಗಿ, ಚಿತ್ರ ಮಧ್ಯದಲ್ಲೇ ನಿಂತುಹೋಗಿತ್ತು. ಬಟ್ಟೆಯಲ್ಲಿ ಒರೆಸಿ, ಊದಿ, ತಿರುಗಿ ಹಾಕಿದರೂ ಓಡಲಿಲ್ಲ. ಆಗ ಅಜ್ಜಿ ತಾನು ಟೆಂಟಿನಲ್ಲಿ ನೋಡಿದ್ದ ಉಳಿದ ಭಾಗವನ್ನು ಬಾಯಲ್ಲೇ ಹೇಳಿ ಮುಗಿಸಿದಳು, ಹಾಡುಗಳ ಸಮೇತ. ಊಟದ ದೃಶ್ಯ ಬಂದಾಗ ಆಕೆ ಹೇಳುವುದನ್ನು ನಿಲ್ಲಿಸಿ, ನಮ್ಮೆಲ್ಲರ ತಟ್ಟೆ ಖಾಲಿಯಾಗಿದೆಯೇ ಎಂದು ನೋಡಿದಳು. ನಂತರವೇ ರಾಜೀವನನ್ನು ಮನೆಯಿಂದ ಹೊರಡಿಸಿದಳು.